ನೇಪಾಳದವರಿಗೆ ಪಿಎಫ್, ಇಎಸ್‌ಐ ಬರುತ್ತಾ?

ಬೆಂಗಳೂರಿನಲ್ಲಿ ಸಣ್ಣಪುಟ್ಟ ಸಂಸ್ಥೆಗಳ ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ಆರೋಗ್ಯ ವಿಮೆ) ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಹೋಟೆಲ್ ಮಾಲೀಕರಿರಲಿ, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳಿರಲಿ, ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಸರ್, ನಮ್ಮ ಸೆಕ್ಯುರಿಟಿಯವನು ನೇಪಾಳದವನು. ಅವನಿಗೆಲ್ಲ ಪಿಎಫ್ ಬರಲ್ಲ ಅಲ್ವಾ?”

ಬರುತ್ತೆ. ನಿಮಗೂ ನನಗೂ ಹೇಗೆ ಬರುತ್ತೋ ಹಾಗೇ ಬರುತ್ತೆ.

1950ರ ಜುಲೈ 31ರಂದು ಭಾರತ ಮತ್ತು ನೇಪಾಳ ಶಾಂತಿ ಮತ್ತು ಸ್ನೇಹದ ಒಪ್ಪಂದಕ್ಕೆ ಸಹಿ ಹಾಕಿದವು. ಅದರ 7ನೇ ವಿಧಿಯ ಪ್ರಕಾರ ಒಂದು ದೇಶದವರಿಗೆ ಇನ್ನೊಂದು ದೇಶದಲ್ಲಿ ವಾಸ, ಆಸ್ತಿ, ವ್ಯಾಪಾರ, ಓಡಾಟದಲ್ಲಿ ಸಮಾನ ಸೌಲಭ್ಯ. ಅದಕ್ಕೇ ಅವರು ಇಲ್ಲಿ ದುಡಿಯಲು ವೀಸಾ ಬೇಡ, ವರ್ಕ್ ಪರ್ಮಿಟ್ ಬೇಡ. 2008ರಲ್ಲಿ ವಿದೇಶಿ ನೌಕರರಿಗಾಗಿ ಪಿಎಫ್ ಯೋಜನೆಯಲ್ಲಿ ‘ಇಂಟರ್‌ನ್ಯಾಷನಲ್ ವರ್ಕರ್’ ಎಂಬ ಪ್ರತ್ಯೇಕ ನಿಯಮ ಬಂತು. ನೇಪಾಳ, ಭೂತಾನ್ ಪ್ರಜೆಗಳು ಆ ಗುಂಪಿಗೆ ಸೇರುವುದಿಲ್ಲ, ಅವರನ್ನು ಭಾರತೀಯ ನೌಕರರೆಂದೇ ಪರಿಗಣಿಸಬೇಕು. ಇದು ತಿಳಿಯದೆ ಕೆಲವರು ಪೋರ್ಟಲ್‌ನಲ್ಲಿ ಇಂಟರ್‌ನ್ಯಾಷನಲ್ ವರ್ಕರ್ ಅಂತ ಟಿಕ್ ಹಾಕಿಬಿಡುತ್ತಾರೆ. ಆ ಗುಂಪಿನವರ ಹಣ ಸಾಮಾನ್ಯವಾಗಿ 58 ವರ್ಷ ತುಂಬುವವರೆಗೆ ಕೈಗೆ ಸಿಗುವುದಿಲ್ಲ. ಊರಿಗೆ ಹೊರಟು ನಿಂತ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ.

ಇಎಸ್‌ಐಗೂ ಪೌರತ್ವಕ್ಕೂ ಸಂಬಂಧವೇ ಇಲ್ಲ. ಹತ್ತು ಜನ ಕೆಲಸ ಮಾಡುವ ಜಾಗ, ತಿಂಗಳ ಸಂಬಳ 21,000 ರೂಪಾಯಿಯೊಳಗೆ ಇದ್ದರೆ ಆಯಿತು. ಪಿಎಫ್‌ಗೆ ಇಪ್ಪತ್ತು ಜನ ಇರಬೇಕು. ಕನಿಷ್ಠ ವೇತನ, ಓವರ್‌ಟೈಮ್, ಗ್ರಾಚ್ಯುಟಿ ಯಾವುದರಲ್ಲೂ ನೇಪಾಳದವರಿಗೆ ಬೇರೆ ಲೆಕ್ಕ ಇಲ್ಲ.

ಹಾಗಾದರೆ ದುಡ್ಡು ಎಲ್ಲಿ ಸೋರುತ್ತದೆ? ನಾನು ನೋಡಿದ ಒಂದು ಅಪಾರ್ಟ್‌ಮೆಂಟಿನ ಕಡತದ ಮಾತು ಹೇಳುತ್ತೇನೆ. ಸೆಕ್ಯುರಿಟಿ ಏಜೆನ್ಸಿ ಪ್ರತಿ ತಿಂಗಳೂ ಕೊಡುವ ಬಿಲ್ಲಿನಲ್ಲಿ ಎಲ್ಲ ಗಾರ್ಡ್‌ಗಳ ತಲೆಗೂ ಪಿಎಫ್, ಇಎಸ್‌ಐ ಸೇರಿಸಿಯೇ ವಸೂಲಿ ಮಾಡುತ್ತಿತ್ತು. ಪಿಎಫ್ ಕಟ್ಟಿದ ಚಲನ್ ಜೊತೆಗಿನ ಪಟ್ಟಿ ತರಿಸಿ ನೋಡಿದರೆ ನೇಪಾಳದವರ ಹೆಸರೇ ಇಲ್ಲ! ಮೂಲವೇತನ, ಡಿಎ ಸೇರಿ 14,000 ಇದ್ದರೆ ನೌಕರನ ಪಾಲು 1,680, ಮಾಲೀಕರ ಪಾಲು 1,680. ಒಬ್ಬ ಗಾರ್ಡ್‌ಗೆ ಎರಡೂ ಸೇರಿ ವರ್ಷಕ್ಕೆ 40,320 ರೂಪಾಯಿ. ನಿವಾಸಿಗಳು ಪ್ರಾಮಾಣಿಕವಾಗಿ ಕೊಟ್ಟ ಹಣ ಅದು, ರಾತ್ರಿಯಿಡೀ ಗೇಟಿನಲ್ಲಿ ನಿದ್ದೆಗೆಟ್ಟವರಿಗೆ ಸೇರಬೇಕಾದ್ದು. “ಅವರು ಫಾರಿನರ್ಸ್ ಸರ್, ಪಿಎಫ್ ನಂಬರ್ ಆಗಲ್ಲ” ಅಂದರು ಏಜೆನ್ಸಿಯವರು. ಸುಳ್ಳು. ಆಧಾರ್ ಇಲ್ಲದ ನೇಪಾಳ ಪ್ರಜೆಗೂ ಮಾಲೀಕರ ಲಾಗಿನ್‌ನಿಂದ ಯುಎಎನ್, ಅಂದರೆ ಪಿಎಫ್ ನಂಬರ್, ತೆಗೆಯಬಹುದು. ಇಲ್ಲೇ ವಾಸವಿದ್ದರೆ ಆಧಾರ್ ಕೂಡ ಮಾಡಿಸಬಹುದು: ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಭಾರತದಲ್ಲಿ ಇದ್ದಿರಬೇಕು, ನೇಪಾಳದ ನಾಗರಿಕತಾ ಪ್ರಮಾಣಪತ್ರ ದಾಖಲೆಯಾಗಿ ನಡೆಯುತ್ತದೆ.

ಅಪಾರ್ಟ್‌ಮೆಂಟ್ ಸಂಘದವರೇ, ಹಣ ಕಟ್ಟದ ಗುತ್ತಿಗೆದಾರನ ಪಾಲಿನ ಹೊಣೆ ಕೊನೆಗೆ ಕೆಲಸ ಮಾಡಿಸಿಕೊಂಡವರ ತಲೆಗೇ ಬರಬಹುದು. ಬಿಲ್ ಪಾಸ್ ಮಾಡುವ ಮುಂಚೆ ಹಿಂದಿನ ತಿಂಗಳ ಚಲನ್ ಮತ್ತು ಹೆಸರುಗಳ ಪಟ್ಟಿ ಕೇಳಿ. ಪಟ್ಟಿಯನ್ನು ಹಾಜರಿ ಪುಸ್ತಕದ ಪಕ್ಕ ಇಟ್ಟು ಓದಿ.

ಹೆಸರು ಸೇರಿದ ಮೇಲೂ ತೊಂದರೆ ಮುಗಿಯುವುದಿಲ್ಲ. ನಾಗರಿಕತಾ ಪತ್ರದಲ್ಲಿ ಹುಟ್ಟಿದ ದಿನ ನೇಪಾಳದ ವಿಕ್ರಮ ಸಂವತ್ ಪಂಚಾಂಗದ ಪ್ರಕಾರ ಇರುತ್ತದೆ. ಅಲ್ಲಿ 2050ರ ವೈಶಾಖ ಅಂದರೆ ನಮ್ಮ 1993ರ ಏಪ್ರಿಲ್–ಮೇ. ಗುಮಾಸ್ತರಿಗೆ ಇದನ್ನು ಬಿಡಿಸುವ ವ್ಯವಧಾನ ಇರುವುದಿಲ್ಲ, ಅಂದಾಜಿನಲ್ಲಿ ಜನವರಿ 1 ಅಂತ ತುಂಬುತ್ತಾರೆ. ಎಲ್ಲರೂ ಕರೆಯುವುದು ಬಹದ್ದೂರ್ ಅಂತ, ಆದ್ದರಿಂದ ಹೆಸರಿನ ಜಾಗದಲ್ಲೂ ಬರೀ ಬಹದ್ದೂರ್. ಮುಂದೆ ಬ್ಯಾಂಕ್ ಪಾಸ್‌ಬುಕ್‌ಗೂ ಪಿಎಫ್ ದಾಖಲೆಗೂ ತಾಳೆಯಾಗದೆ ಕ್ಲೇಮ್ ವಾಪಸ್ ಬರುತ್ತದೆ. ಸೇರಿಸಿಕೊಳ್ಳುವ ದಿನವೇ ಮೂಲ ಪತ್ರ ಕೈಯಲ್ಲಿ ಹಿಡಿದು ಒಂದೊಂದು ಅಕ್ಷರವೂ ಸರಿಯಿದೆಯೇ ಎಂದು ನೋಡಿ ತುಂಬಿ. ಹತ್ತು ನಿಮಿಷದ ಕೆಲಸ.

ಆಧಾರ್ ಜೋಡಣೆಯಾಗದವರು ಪಿಎಫ್ ತೆಗೆಯುವಾಗ ಆಧಾರ್ ರಹಿತ ಕ್ಲೇಮ್ ಫಾರಂ ತುಂಬಬೇಕು. ಅದಕ್ಕೆ ಮಾಲೀಕರ ಸಹಿ, ಸೀಲು ಬೇಕು. ನೇಪಾಳದ ಧನಗಢಿಗೋ ಅಛಾಮಿಗೋ ಹೋದ ಮೇಲೆ ಆ ಸಹಿಗಾಗಿ ಬೆಂಗಳೂರಿಗೆ ಯಾರು ಬರುತ್ತಾರೆ? ಹಾಗಾಗಿ ನೇಪಾಳದ ಗೆಳೆಯರಿಗೆ ನಾನು ಯಾವಾಗಲೂ ಹೇಳುವುದು: ಊರಿಗೆ ಹೊರಡುವ ಮುಂಚೆ ಯುಎಎನ್ ಬರೆದಿಟ್ಟುಕೊಳ್ಳಿ, ಸಹಿ ಹಾಕಿಸಿದ ಫಾರಂ ಇಟ್ಟುಕೊಳ್ಳಿ, ಇಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ.

ಇದಕ್ಕೆಲ್ಲ ನಾನು ಇಷ್ಟು ಒತ್ತು ಕೊಡಲು ಕಾರಣವಿದೆ. ಕೊಲ್ಲಿ ದೇಶಗಳಿಗೆ ಹೋಗುವ ನೇಪಾಳಿಗಳು ತಮ್ಮ ಸರ್ಕಾರದಿಂದ ಕಾರ್ಮಿಕ ಅನುಮತಿ ಪಡೆದು ಹೋಗುತ್ತಾರೆ, ಅದರ ಜೊತೆಗೆ ವಿಮೆ ಮತ್ತು ಕಲ್ಯಾಣ ನಿಧಿಯ ರಕ್ಷಣೆ ಸಿಗುತ್ತದೆ. ಭಾರತಕ್ಕೆ ಬರಲು ಆ ಅನುಮತಿ ಬೇಕಿಲ್ಲ, ಹಾಗಾಗಿ ಆ ರಕ್ಷಣೆಯೂ ಇಲ್ಲ. ಹೋಟೆಲ್ ಅಡುಗೆಮನೆಯಲ್ಲಿ ಎಣ್ಣೆ ಬಿದ್ದು ಕೈ ಸುಟ್ಟುಕೊಂಡ ಹುಡುಗನಿಗೆ ಇರುವ ದೊಡ್ಡ ಆಸರೆ ಇಲ್ಲಿನ ಇಎಸ್‌ಐ. 14,000 ಸಂಬಳಕ್ಕೆ ಅವನ ಪಾಲು 105 ರೂಪಾಯಿ, ಮಾಲೀಕರದು 455. ಈ 455 ರೂಪಾಯಿ ಉಳಿಸಲು ಅವನ ಹೆಸರು ಬಿಡುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ನಿಮ್ಮಲ್ಲಿ ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಪ್ರತಿ ತಿಂಗಳ 27ರಂದು ಪಿಎಫ್ ಇಲಾಖೆ ನಡೆಸುವ ‘ನಿಧಿ ಆಪ್ಕೆ ನಿಕಟ್’ ಶಿಬಿರಕ್ಕೆ ಅವರನ್ನು ಕರೆದುಕೊಂಡು ಹೋಗಿ. ಭಾಷೆ ಬಾರದವರ ಜೊತೆ ಕನ್ನಡದವರೊಬ್ಬರು ಕೂತರೆ ಅಲ್ಲಿ ಕೆಲಸ ಬೇಗ ಆಗುತ್ತದೆ. ಹೋಗುವಾಗ ನಾಗರಿಕತಾ ಪತ್ರ, ಸಂಬಳದ ಚೀಟಿ ಅಥವಾ ಸಂಬಳ ಜಮೆಯಾದ ಪಾಸ್‌ಬುಕ್ ಮರೆಯಬೇಡಿ.