ಅರಮನೆ ಮೈದಾನದ ಕ್ಯೂನಲ್ಲಿ ಒಂದು ಜಗಳ

2011ರ ಅಕ್ಟೋಬರ್ 30, ಭಾನುವಾರ. ದೀಪಾವಳಿಗೆ ಊರಿಗೆ ಹೋಗಿದ್ದವನು ಹಬ್ಬ ಮುಗಿದದ್ದೇ ಬೆಂಗಳೂರಿಗೆ ಓಡಿ ಬಂದಿದ್ದೆ. ಅರಮನೆ ಮೈದಾನಕ್ಕೆ ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದವರು ಬರುತ್ತಿದ್ದರು. ಅವರು ಯಾರು ಅಂತ ಅಮ್ಮನಿಗೆ ಎಷ್ಟು ಹೇಳಿದರೂ ತಿಳಿಯಲಿಲ್ಲ. "ಅಷ್ಟು ಇಷ್ಟ ಇದ್ರೆ ಹೋಗಪ್ಪ" ಅಂದು ಡಬ್ಬಿಗೆ ಕಜ್ಜಾಯ ತುಂಬಿ ಕೊಟ್ಟರು.

ಎದೆಯಲ್ಲಿ ಪುಕಪುಕ ಇತ್ತು. ಎರಡು ದಿನದ ಹಿಂದೆ, ಶುಕ್ರವಾರ, ಗುರ್‌ಗಾಂವ್‌ನ ಕಾರ್ಯಕ್ರಮ ರದ್ದಾಗಿತ್ತು. ನಮ್ಮದೂ ಹಾಗೇ ಆಗಿಬಿಟ್ಟರೆ? ಸಾಲದ್ದಕ್ಕೆ ಮಳೆ ಬೇರೆ. ಮೈದಾನದ ಹತ್ತಿರ ಹೋದರೆ ಎಲ್ಲಿ ನೋಡಿದರೂ ಕಪ್ಪು ಟೀ ಶರ್ಟು, ಕಾಲ ಕೆಳಗೆ ಕೆಸರು.

ನಾವು ಮೂವರು. ನಾನು, ನನ್ನ ಚಿಕ್ಕಪ್ಪನ ಮಗ, ಮತ್ತೆ ಹಾಸ್ಟೆಲಿನ ಅಣ್ಣ. ಅಣ್ಣ ಅಂದರೆ ಒಡಹುಟ್ಟಿದವರಲ್ಲ. 1998ರಲ್ಲಿ ನಾನು ಹಾಸನದಲ್ಲಿ ಇಂಜಿನಿಯರಿಂಗ್ ಸೇರಿದಾಗ ಅವರು ಕೊನೇ ವರ್ಷದಲ್ಲಿದ್ದರು. ನನಗೆ ಮೆಟಾಲಿಕಾ ಕೇಳಿಸಿದ್ದೇ ಅವರು. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ ಕೊಟ್ಟಿದ್ದರು. ಒಂದು ಕಡೆ 'ರೈಡ್ ದಿ ಲೈಟ್ನಿಂಗ್', ಇನ್ನೊಂದು ಕಡೆ 'ಮಾಸ್ಟರ್ ಆಫ್ ಪಪೆಟ್ಸ್'. ಒಂದೊಂದು ಕಡೆಗೆ ನಲವತ್ತೈದೇ ನಿಮಿಷ. ಆಲ್ಬಮ್‌ಗಳು ಅದಕ್ಕಿಂತ ಉದ್ದ. ಮೊದಲನೇ ಕಡೆಯ ಕೊನೇ ಹಾಡು 'ದಿ ಕಾಲ್ ಆಫ್ ಕ್ಟುಲು' ಇನ್ನೇನು ಮುಗಿಯಬೇಕು ಅನ್ನುವಾಗ ಟಕ್ ಅಂತ ನಿಂತುಹೋಗುತ್ತಿತ್ತು. ಆ ಹಾಡು ಹೇಗೆ ಮುಗಿಯುತ್ತೆ ಅಂತ ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ.

ಅಣ್ಣನ ಪಾಲಿಗೆ ಮೆಟಾಲಿಕಾ 1996ರಲ್ಲೇ ಮುಗಿದುಹೋಗಿತ್ತು. ಆ ವರ್ಷ 'ಲೋಡ್' ಆಲ್ಬಮ್ ಬಂತು. ನಾಲ್ಕೂ ಜನ ಉದ್ದ ಕೂದಲು ಕತ್ತರಿಸಿಕೊಂಡು ಫೋಟೋಗೆ ನಿಂತರು. ಹಾಡಿನ ವೇಗ ಇಳಿಯಿತು, ಬ್ಲೂಸ್ ಬಂತು. "ಅವತ್ತೇ ನಾನು ಅವರನ್ನ ಬಿಟ್ಟೆ" ಅಂತ ಅಣ್ಣ ಎಷ್ಟು ಸಲ ಹೇಳಿದ್ದಾರೋ. ತಮ್ಮನದು ಬೇರೆ ಲೆಕ್ಕ. ಅವನಿಗೆ ಮೆಟಾಲಿಕಾ ಶುರುವಾಗಿದ್ದೇ 2008ರ 'ಡೆತ್ ಮ್ಯಾಗ್ನೆಟಿಕ್'ನಿಂದ.

ಜಗಳ ಶುರುವಾಗಿದ್ದು ಕ್ಯೂನಲ್ಲಿ. ಒಳಗೆ ಡಬ್ಬಿ ಬಿಡಲ್ಲ ಅಂದರು. ಅಲ್ಲೇ ನಿಂತು ಕಜ್ಜಾಯ ತಿನ್ನುತ್ತಿದ್ದೆವು. ತಮ್ಮ ತನ್ನ ಫೋನಿಗೆ ಇಯರ್‌ಫೋನ್ ಹಾಕಿ ಒಂದು ತುದಿ ಅಣ್ಣನ ಕಿವಿಗೆ, ಇನ್ನೊಂದು ನನ್ನ ಕಿವಿಗೆ ಇಟ್ಟ. 'ದಿ ವ್ಯೂ'. ಅಮೆರಿಕದ ಹಿರಿಯ ರಾಕ್ ಗಾಯಕ ಲೂ ರೀಡ್ ಜೊತೆ ಮೆಟಾಲಿಕಾ ಮಾಡಿದ 'ಲೂಲೂ' ಆಲ್ಬಮ್ಮಿನಿಂದ ಮೊದಲು ಹೊರಬಂದ ಹಾಡು ಅದು. ಆಲ್ಬಮ್ಮಿನ ಬಿಡುಗಡೆ ಮಾರನೇ ದಿನ, ಅಕ್ಟೋಬರ್ 31ಕ್ಕೆ.

ಅಣ್ಣ ಒಂದು ನಿಮಿಷ ಕೇಳಿ ಇಯರ್‌ಫೋನ್ ಕಿತ್ತರು.

"ಇದು ಮೆಟಾಲಿಕಾ ಅಲ್ಲ ಕಣೋ. ಯಾರೋ ತಾತ ಪೇಪರ್ ಓದ್ತಾ ಇದ್ದಾರೆ, ಪಕ್ಕದ ಮನೇಲಿ ಇವರು ಗಿಟಾರ್ ಪ್ರಾಕ್ಟೀಸ್ ಮಾಡ್ತಾ ಇದ್ದಾರೆ."

"ಪೂರ್ತಿ ಆಲ್ಬಮ್ ನಾಳೆ ಬರುತ್ತೆ ಅಣ್ಣ. ಕೇಳದೇ ಹೆಂಗೆ ಹೇಳ್ತೀರಾ?"

"ಅನ್ನ ಬೆಂದಿದ್ಯಾ ಅಂತ ನೋಡೋಕೆ ಪಾತ್ರೆಯೆಲ್ಲಾ ತಿನ್ನಬೇಕಾ?"

ಮುಂದೆ ನಿಂತಿದ್ದ ಹುಡುಗರು ತಿರುಗಿದರು. ಚೆನ್ನೈನಿಂದ ರಾತ್ರಿ ರೈಲಿಗೆ ಬಂದವರು. ಒಬ್ಬ ಅಣ್ಣನ ಪರ, ಒಬ್ಬ ತಮ್ಮನ ಪರ. ಮೆಟಾಲಿಕಾದ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ತಾನೊಂದು ಮೇಜು ಅಂತ ಕೂಗುವ ಸಾಲು ಆ ಹಾಡಿನಲ್ಲಿದೆ. ಅದನ್ನು ಕೇಳಿ ತಲೆ ತಗ್ಗಿಸುವಂತಾಯಿತು ಅಂದ ಒಬ್ಬ. ಮೂವತ್ತು ವರ್ಷ ದುಡಿದಿದ್ದಾರೆ, ಇನ್ನು ಮನಸ್ಸಿಗೆ ಬಂದದ್ದು ಮಾಡಲಿ ಬಿಡಿ ಅಂದ ಇನ್ನೊಬ್ಬ. ದನಿ ಏರಿತು. ಸೆಕ್ಯುರಿಟಿಯವರು ಬಂದು ಸಾಲು ಸರಿಮಾಡಿದರು.

ನಾನು ಅವತ್ತು ಅಣ್ಣನ ಕಡೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಲೂ ರೀಡ್ ದೊಡ್ಡವರು ಅಂತ ಗೊತ್ತಿತ್ತು. ವೆಲ್ವೆಟ್ ಅಂಡರ್‌ಗ್ರೌಂಡ್ ಅನ್ನುವ ಬ್ಯಾಂಡ್ ಕಟ್ಟಿದವರು. 2009ರಲ್ಲಿ ನ್ಯೂಯಾರ್ಕಿನ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಕಾರ್ಯಕ್ರಮದಲ್ಲಿ ಇವರೆಲ್ಲ ಒಟ್ಟಿಗೆ ನುಡಿಸಿದ್ದರು. ಅಲ್ಲಿಂದ ಹುಟ್ಟಿದ ಆಲೋಚನೆ ಇದು. ಲೂ ಅವರ ಹಳೇ ಹಾಡುಗಳನ್ನೇ ಮತ್ತೆ ಮಾಡೋಣ ಅಂತ ಮೊದಲು ಅಂದುಕೊಂಡಿದ್ದರಂತೆ. ಆಮೇಲೆ ಲೂ ಬೇರೆಯದನ್ನೇ ತಂದರು. ವೆಡೆಕಿಂಡ್ ಅನ್ನುವ ಜರ್ಮನ್ ನಾಟಕಕಾರ ನೂರು ವರ್ಷಕ್ಕೂ ಹಿಂದೆ ಬರೆದ ಎರಡು ನಾಟಕ ಹಿಡಿದು ಬರೆದ ಸಾಲುಗಳು. ಇದೆಲ್ಲ ಓದಿದ್ದೆ. ಆದರೂ ಕ್ಯೂನಲ್ಲಿ ನಿಂತಾಗ ಮನಸ್ಸಿಗೆ ಅನಿಸಿದ್ದು ಒಂದೇ. ಇದನ್ನು ನಮಗೆ ಯಾಕೆ ಮಾಡಿದರು?

ಈ ಬೇಜಾರು ಹೊಸದೇನಲ್ಲ. 1984ರಲ್ಲಿ 'ಫೇಡ್ ಟು ಬ್ಲ್ಯಾಕ್' ಬಂದಾಗ, ಅಕೂಸ್ಟಿಕ್ ಗಿಟಾರಿನಿಂದ ನಿಧಾನವಾಗಿ ಶುರುವಾಗುತ್ತೆ ಅನ್ನೋದಕ್ಕೇ ಇವರು ದುಡ್ಡಿಗೆ ಮಾರಿಕೊಂಡರು ಅಂದವರಿದ್ದರು. 1991ರ ಕಪ್ಪು ಹೊದಿಕೆಯ ಆಲ್ಬಮ್ಮಿಗೂ ಅದೇ ಮಾತು. ಅಣ್ಣ ನನಗೆ ಕೊಟ್ಟ ಕ್ಯಾಸೆಟ್ಟಿನಲ್ಲಿ ನಾನು ಜಾಸ್ತಿ ಸಲ ಕೇಳಿದ್ದು 'ಫೇಡ್ ಟು ಬ್ಲ್ಯಾಕ್' ಹಾಡನ್ನೇ.

ಮೊದಲು ಸ್ಕಾಟ್ಲೆಂಡಿನ ಬಿಫಿ ಕ್ಲೈರೋ ಬ್ಯಾಂಡಿನವರು ನುಡಿಸಿ ಹೋದರು. ಕತ್ತಲಾಯಿತು. ಮೆಟಾಲಿಕಾ ವೇದಿಕೆಗೆ ಬರುವ ಮುಂಚೆ ಹಾಕುವ ಮೊರಿಕೋನೆಯವರ ಸಿನಿಮಾ ಸಂಗೀತ 'ದಿ ಎಕ್ಸ್ಟಸಿ ಆಫ್ ಗೋಲ್ಡ್' ಶುರುವಾದಾಗ ಅಣ್ಣ ನನ್ನ ತೋಳು ಹಿಡಿದುಕೊಂಡರು. ಬಿಡಲೇ ಇಲ್ಲ. 'ಕ್ರೀಪಿಂಗ್ ಡೆತ್' ಬಂತು. ಇಡೀ ಮೈದಾನ ಹಾರಿತು, ಕೆಸರು ಮೊಣಕಾಲಿನವರೆಗೆ ಎರಚಿತು.

ಸ್ವಲ್ಪ ಹೊತ್ತಿಗೆ 'ಫ್ಯುಯೆಲ್'. 1997ರ 'ರೀಲೋಡ್' ಆಲ್ಬಮ್ಮಿನ ಹಾಡು. ಅಣ್ಣ ಬಿಟ್ಟ ಮೇಲಿನದು. ನಾನು ಪಕ್ಕಕ್ಕೆ ನೋಡಿದೆ. ಅಣ್ಣನ ಕನ್ನಡಕದ ಮೇಲೆಲ್ಲ ಕೆಸರಿನ ಚುಕ್ಕಿ. ಕಣ್ಣು ಮುಚ್ಚಿದ್ದರು. ಬಾಯಿ ಒಂದು ಪದ ತಪ್ಪದೇ ಹಾಡುತ್ತಿತ್ತು. ಮೊದಲಿಂದ ಕೊನೆವರೆಗೆ. ಬಿಟ್ಟೆ ಅಂದವರು ಅದನ್ನು ಯಾವಾಗ ಕೇಳಿದ್ದರು? ಎಷ್ಟು ಸಲ ಕೇಳಿದರೆ ಹಾಗೆ ಬಾಯಿಗೆ ಬರುತ್ತೆ? ನಾನು ಕೇಳಲಿಲ್ಲ. ಈ ತರದ ಸಿಟ್ಟು ದೂರ ಆದವರ ಮೇಲೆ ಬರುವಂಥದ್ದಲ್ಲ ಅನ್ನೋದು ಮಾತ್ರ ಅವತ್ತು ನನಗೆ ಖಾತ್ರಿಯಾಯಿತು.

'ಲೂಲೂ'ನಿಂದ ಒಂದು ಹಾಡೂ ಬರಲಿಲ್ಲ. ನನಗೆ ಸಮಾಧಾನವೇ ಆಯಿತು. ಕೊನೇ ಹಾಡು 'ಸೀಕ್ ಅಂಡ್ ಡೆಸ್ಟ್ರಾಯ್' ಮುಗಿದ ಮೇಲೆ ಆಟೋ ಸಿಗದೆ ಬಳ್ಳಾರಿ ರಸ್ತೆಯಲ್ಲಿ ಮೇಖ್ರಿ ಸರ್ಕಲ್ ಕಡೆ ನಡೆದೆವು. ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ರಾಜ್ಯೋತ್ಸವಕ್ಕೆ ಕಟ್ಟಿದ ಹಳದಿ ಕೆಂಪು ಬಾವುಟಗಳು ಮಳೆಗೆ ನೆಂದು ಕಂಬಕ್ಕೆ ಅಂಟಿಕೊಂಡಿದ್ದವು.

"ನಾಳೆ ಆಲ್ಬಮ್ ಬರುತ್ತೆ, ಇವತ್ತು ಒಂದೂ ನುಡಿಸಲಿಲ್ಲ. ನಾವು ಏನಂತೀವೋ ಅಂತ ಹೆದರಿಬಿಟ್ರು" ಅಂದ ತಮ್ಮ. ಅವನಿಗೆ ಬೇಸರವಾಗಿತ್ತು.

"ಆ ತಾತ ಇಲ್ಲದೇ ಹೆಂಗೆ ನುಡಿಸ್ತಾರೋ" ಅಂದರು ಅಣ್ಣ. ದನಿಯಲ್ಲಿ ಜಗಳ ಇರಲಿಲ್ಲ.

ಆಲ್ಬಮ್ ಬಂತು. ಹತ್ತು ಹಾಡು, ಎರಡು ಸಿಡಿ, ಒಂದೂವರೆ ಗಂಟೆಗೆ ಸ್ವಲ್ಪ ಕಮ್ಮಿ. ಬೈದವರೇ ಹೆಚ್ಚು. ಮೆಟಾಲಿಕಾ ಅಭಿಮಾನಿಗಳು ತನಗೆ ಗುಂಡು ಹಾರಿಸುತ್ತೇವೆ ಅಂತ ಬೆದರಿಸುತ್ತಿದ್ದಾರೆ ಅಂತ ಲೂ ರೀಡ್ ಹೇಳಿದ್ದನ್ನು ಓದಿದೆ. ಹಾಡು ಇಷ್ಟವಾಗದಿದ್ದರೆ ಇಷ್ಟವಾಗಲಿಲ್ಲ ಅನ್ನಿ. ಎಪ್ಪತ್ತರ ಹತ್ತಿರದ ಒಬ್ಬ ಮನುಷ್ಯನಿಗೆ ಗುಂಡಿನ ಮಾತಾ? ನಾನೂ ಅದೇ ಗುಂಪಿನವನು ಅನ್ನೋದು ನನ್ನನ್ನು ಚುಚ್ಚಿತು. ಅದಕ್ಕೇ ಕೂತು ಪೂರ್ತಿ ಕೇಳಿದೆ, ದೀಪ ಆರಿಸಿ, ಒಂದೇ ಸಲಕ್ಕೆ. ಅರ್ಧಕ್ಕಿಂತ ಜಾಸ್ತಿ ನನಗೆ ಇವತ್ತಿಗೂ ಹಿಡಿಸಿಲ್ಲ.

ಕೊನೇ ಹಾಡು 'ಜೂನಿಯರ್ ಡ್ಯಾಡ್'. ಹತ್ತೊಂಬತ್ತು ನಿಮಿಷ ದಾಟುತ್ತೆ. ಮುಳುಗುತ್ತಿರುವ ಮಗ ಅಪ್ಪನನ್ನು ಕೇಳುತ್ತಾನೆ, ಕೈ ಕೊಟ್ಟು ಎತ್ತುತ್ತೀಯಾ ಅಂತ. ಕಿರುಚಾಟ ಇಲ್ಲ. ಗಿಟಾರುಗಳು ಅಲೆಯ ಹಾಗೆ ಬಂದು ಹೋಗುತ್ತವೆ. ಕೊನೆಯಲ್ಲಿ ತಂತಿವಾದ್ಯದ ಒಂದು ಎಳೆ ಮಾತ್ರ ನಿಮಿಷಗಟ್ಟಲೆ ಉಳಿಯುತ್ತೆ. ಇದನ್ನು ಮೊದಲ ಸಲ ಕೇಳಿದಾಗ ಜೇಮ್ಸ್ ಮತ್ತು ಮೆಟಾಲಿಕಾದ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಇಬ್ಬರೂ ಅತ್ತುಬಿಟ್ಟರಂತೆ. ಕರ್ಕ್ ಅವರೇ ಹೇಳಿಕೊಂಡಿದ್ದಾರೆ. ಇಬ್ಬರೂ ಅಪ್ಪನನ್ನು ಕಳೆದುಕೊಂಡವರು.

ಅಣ್ಣನ ತಂದೆ ತೀರಿಕೊಂಡು ಆಗ ವರ್ಷ ತುಂಬಿರಲಿಲ್ಲ. ಹಾಡನ್ನು ಅವರಿಗೆ ಕಳಿಸಲೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ಕೊನೆಗೆ ಕಳಿಸಿದೆ, ಏನೂ ಬರೆಯದೆ. ಎರಡು ವಾರ ಸುದ್ದಿಯೇ ಇಲ್ಲ. ಆಮೇಲೆ ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು.

"ಮಲಗಿದ್ಯಾ?"

"ಇಲ್ಲ ಅಣ್ಣ, ಹೇಳಿ."

"ಆ ತಾತಂದು ಕೊನೇ ಹಾಡು, ಕಾರಲ್ಲಿ ಹಾಕ್ಕೊಳೋಕೆ ಸಿಡಿ ಮಾಡಿ ಕೊಡೋ. ಅದೊಂದೇ. ಮಿಕ್ಕಿದ್ದು ಬೇಡ."

"ಆಯ್ತು ಅಣ್ಣ."

ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಪೂರ್ತಿ ಇರಲಿ ಕಣೋ. ಕೊನೇಲಿ ಕಟ್ ಆಗಬಾರದು."