ಬೀಜ ತೆಗೆದ ಬೆಣ್ಣೆ ಹಣ್ಣು

ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಏನಾದರೂ ಬರೆದು ಕಳಿಸು ಎಂದು ಸರ್ ಫೋನ್ ಮಾಡಿದ್ದರು. ಬೆಳಗಾವಿಯ ಕಾಲೇಜು ದಿನಗಳನ್ನು ಬರೆಯೋಣವೆಂದೇ ಕೂತೆ. ಆದರೆ ಕಣ್ಣ ಮುಂದೆ ಬಂದದ್ದು ಇಲ್ಲಿಂದ ಹೋಗಿ ಸೇರಿದ ಇನ್ನೊಂದು ಗಡಿಯೂರು, ಅಮೆರಿಕದ ಎಲ್ ಪಾಸೊ. ಸರ್ ಬೈದುಕೊಳ್ಳಬಾರದು.

ಯೂನಿವರ್ಸಿಟಿ ಆಫ್ ಟೆಕ್ಸಸ್ ಅಟ್ ಎಲ್ ಪಾಸೊಗೆ ಅಲ್ಲಿಯವರು ಯುಟೆಪ್ ಅನ್ನುತ್ತಾರೆ. 2015ರಲ್ಲಿ ಎಂ.ಎಸ್. ಮಾಡಲು ಹೋದೆ. ಟೆಕ್ಸಸ್ಸಿನ ಮರಳುಗಾಡಿನಲ್ಲಿ ಕಟ್ಟಡಗಳೆಲ್ಲ ಭೂತಾನದ ಮಠಗಳ ಹಾಗೆ! ಅದು 1914ರಲ್ಲಿ ಗಣಿ ಶಾಲೆಯಾಗಿ ಶುರುವಾಯಿತು. ಆಗಿನ ಡೀನ್ ಹೆಂಡತಿ ಪತ್ರಿಕೆಯಲ್ಲಿ ಭೂತಾನದ ಫೋಟೊ ನೋಡಿ ಮನಸೋತರಂತೆ. ಕ್ಯಾಂಪಸ್ಸಿನಿಂದ ನೋಡಿದರೆ ಎದುರಿಗೇ ಮೆಕ್ಸಿಕೊದ ಹ್ವಾರೆಸ್ ಊರು. ಅಲ್ಲಿನ ಗುಡ್ಡದ ಮೇಲೆ ದೊಡ್ಡ ಬಿಳಿ ಅಕ್ಷರ: ಬೈಬಲ್ ಸತ್ಯ, ಅದನ್ನು ಓದು. ನನ್ನ ಮೊದಲ ಸ್ಪ್ಯಾನಿಷ್ ಪಾಠ ಆ ಗುಡ್ಡದಿಂದಲೇ. ಓದಿಸಿದವಳು ನನ್ನ ಲ್ಯಾಬ್ ಜೊತೆಗಾತಿ.

ಅವಳ ಹೆಸರು ಜೆ ಅಕ್ಷರದಿಂದ ಶುರುವಾಗುತ್ತಿತ್ತು. ಸ್ಪ್ಯಾನಿಷ್‌ನಲ್ಲಿ ಅದು ಹೆಚ್ಚುಕಡಿಮೆ 'ಹ'. ಮನೆಯಲ್ಲಿ 'ಹ', ಶಾಲೆಯ ಹಾಜರಿಯಲ್ಲಿ 'ಜ'. "ಆರನೇ ವಯಸ್ಸಿಗೇ ನಾನು ಇಬ್ಬರಾದೆ" ಎಂದು ನಗುತ್ತಿದ್ದಳು. ಎಲ್ ಪಾಸೊದಲ್ಲೇ ಹುಟ್ಟಿ ಬೆಳೆದವಳು. ತಾಯಿಯ ತಾಯಿಯೂ ಅಲ್ಲೇ. ಆ ಅಜ್ಜಿಯ ಕಾಲದಲ್ಲಿ ಶಾಲೆಯ ಅಂಗಳದಲ್ಲಿ ಸ್ಪ್ಯಾನಿಷ್ ಮಾತಾಡಿದರೂ ಏಟು. ಪಾಠ ಇಂಗ್ಲಿಷಿನಲ್ಲೇ ನಡೆಯಬೇಕೆಂದು 1918ರಿಂದ ಟೆಕ್ಸಸ್ಸಿನಲ್ಲಿ ಕಾನೂನೇ ಇತ್ತು. ಏಟು ತಿಂದ ಅಜ್ಜಿ ಮಗಳನ್ನು ಇಂಗ್ಲಿಷಿನಲ್ಲೇ ಬೆಳೆಸಿದರು. ಆ ಮಗಳು ಮದುವೆಯಾದದ್ದು ಹ್ವಾರೆಸ್‌ನ ಹುಡುಗನನ್ನು. ಅವನ ತಾಯಿಗೆ ಇಂಗ್ಲಿಷ್ ಒಂದಕ್ಷರವೂ ಬಾರದು. ಆ ಅತ್ತೆ ಸೊಸೆಯರ ನಡುವೆ ಇವಳೇ ದುಭಾಷಿ.

ಆದರೆ ಹ್ವಾರೆಸ್‌ನ ಅತ್ತೆ ಮಕ್ಕಳು ಅವಳನ್ನು 'ಪೋಚಾ' ಅಂತ ಕಾಡಿಸುತ್ತಿದ್ದರು. ಸ್ಪ್ಯಾನಿಷ್ ಕೆಟ್ಟುಹೋದ ಅಮೆರಿಕದವಳು ಅಂತ ಅದರರ್ಥ. ಊಟದ ಡಬ್ಬಿಗೆ ಅವಳು 'ಲೊಂಚೆ' ಅಂದರೆ ಮನೆ ತುಂಬ ನಗು. ಲಂಚ್ ಅನ್ನುವುದೇ ಹಾಗಾಗಿದೆ. ನನಗೇನೂ ನಗು ಬರಲಿಲ್ಲ. ನಮ್ಮವ್ವ ಮನೆಯಲ್ಲಿ ಉಳ್ಳಾಗಡ್ಡಿ ಅಂತಾಳೆ, ಸಂತೆಗೆ ಹೋದರೆ ಮರಾಠಿಯ ಕಾಂದಾ ಕೇಳ್ತಾಳೆ.

ಒಂದು ಭಾನುವಾರ ಅವಳ ಜೊತೆ ಸೇತುವೆ ದಾಟಿದೆ. ನಡೆದು ಹೋಗುವವರು ಚಿಲ್ಲರೆ ಹಾಕಿ ಗೇಟು ದಾಟಬೇಕು. ಕೆಳಗೆ ರಿಯೊ ಗ್ರಾಂಡೆ, ಅಂದರೆ ದೊಡ್ಡ ನದಿ. ಕಂಡದ್ದು ಮಾತ್ರ ಕಾಂಕ್ರೀಟ್ ಕಾಲುವೆ, ಅದರಲ್ಲಿ ನಾಲ್ಕು ಬೆರಳು ನೀರು. 1864ರಲ್ಲಿ ಈ ನದಿ ದಿಕ್ಕು ಬದಲಿಸಿ ಮೆಕ್ಸಿಕೊದ ಒಂದಿಷ್ಟು ನೆಲವನ್ನು ಅಮೆರಿಕದ ಕಡೆಗೆ ಬಿಟ್ಟಿತು. ಜಗಳ ಬಗೆಹರಿದದ್ದು 1963ರಲ್ಲಿ. ಬೆಳಗಾವಿಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಹ್ವಾರೆಸ್‌ನ ಅಜ್ಜಿಯ ಮನೆಯಲ್ಲಿ ಮೆನುದೊ ಕಾದಿತ್ತು. ಅಂದರೆ ದನದ ಹೊಟ್ಟೆಯ ಖಾರದ ಸಾರು. ನಾನು ತಿನ್ನಲ್ಲ ಎಂದು ತಿಳಿದು ತೊರ್ತಿಯಾ ಎಂಬ ಗೋಧಿ ರೊಟ್ಟಿ, ಬೀನ್ಸ್ ಬಡಿಸಿದರು. ಮೂರಾದ ಮೇಲೂ ಬೇಡ ಅಂದರೆ ಕೇಳಲಿಲ್ಲ. ಭಾಷೆ ಬಾರದಿದ್ದರೂ ಆ ಬಲವಂತ ಪೂರ್ತಿ ಅರ್ಥವಾಯಿತು.

ಹೊರಡುವಾಗ ಅಜ್ಜಿ ನಾಲ್ಕು ಬೆಣ್ಣೆ ಹಣ್ಣು ತಂದರು. ಒಂದೊಂದನ್ನೂ ಸುತ್ತ ಸೀಳಿ, ತಿರುಚಿ, ಚಾಕುವಿನ ತುದಿಯಿಂದ ಬೀಜ ಎಬ್ಬಿಸಿ, ಎರಡು ಹೋಳನ್ನು ಮತ್ತೆ ಜೋಡಿಸಿ ಪ್ಲಾಸ್ಟಿಕ್ ಸುತ್ತಿದರು. ಬೀಜ ಇದ್ದರೆ ಗಡಿಯಲ್ಲಿ ಬಿಡುವುದಿಲ್ಲ.

ವಾಪಸು ಬರುವ ಸಾಲು ಎರಡು ಗಂಟೆ. ಗೆಳತಿ ಅಲ್ಲೇ ನಿಂತು ಅಸೈನ್‌ಮೆಂಟ್ ಓದಿದಳು, ಚಿಕ್ಕಂದಿನಿಂದ ಹೋಂವರ್ಕ್ ಮಾಡಿದ್ದೂ ಅದೇ ಸಾಲಿನಲ್ಲಂತೆ. ಚೀಲದಲ್ಲಿ ಏನಿದೆ ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ. ಅವನ ಎದೆಯ ಮೇಲಿನ ಹೆಸರು ನೋಡಿದೆ. ಅಜ್ಜಿಯ ಮನೆ ಬಾಗಿಲಲ್ಲಿ ಇದ್ದ ಮನೆತನದ ಹೆಸರೇ. ನಂಟೇನೂ ಇರಲಿಲ್ಲ, ಸುಮ್ನೆ ಒಂದೇ ಹೆಸರು. ಇವಳು 'ಜ' ಹಚ್ಚಿ ತನ್ನ ಹೆಸರು ಹೇಳಿದಳು.

ಆ ಬೀಜಗಳನ್ನು ಅಜ್ಜಿ ಎಸೆಯುತ್ತಿರಲಿಲ್ಲ. ಕಿಟಕಿಯಲ್ಲಿ ಸಾಲಾಗಿ ನೀರಿನ ಲೋಟಗಳು, ಒಂದೊಂದರ ಬಾಯಿಗೆ ಹಲ್ಲುಕಡ್ಡಿ ಚುಚ್ಚಿದ ಒಂದೊಂದು ಬೀಜ. ಕೆಲವು ಗೇಣುದ್ದ ಚಿಗುರಿದ್ದವು. ಹಣ್ಣು ಬಿಡುತ್ತದಾ ಎಂದು ಗೆಳತಿಯ ಕೈಲಿ ಕೇಳಿಸಿದ್ದೆ. ಇಲ್ಲ, ಅಂಗಳಕ್ಕೆ ನೆಟ್ಟದ್ದೆಲ್ಲ ಚಳಿಗಾಲದ ಹಿಮಕ್ಕೆ ಸಾಯುತ್ತದೆ ಅಂದರು ಅಜ್ಜಿ. ಅಂದವರೇ ಅವತ್ತಿನ ನಾಲ್ಕನ್ನು ತೊಳೆಯಲು ನಲ್ಲಿ ತಿರುಗಿಸಿದರು.