ಎಸ್ ಕೆಳಗಿನ ಬಾಲ, ಎಸ್ ಕೆಳಗಿನ ಕಾಮಾ

ಮೂರು ವರ್ಷ ಆಯ್ತು, ಆದ್ರೂ ಆ ಡೆಮೋ ಕಾಲ್ ನೆನಪಾದ್ರೆ ಇವತ್ತಿಗೂ ಹೊಟ್ಟೆ ಕಿವುಚಿದ ಹಾಗಾಗುತ್ತೆ. ಕ್ಲೈಂಟ್ ರೊಮೇನಿಯಾದ ಒಂದು ಟ್ರಾವೆಲ್ ಕಂಪನಿ, ನಾವು ಬೆಂಗಳೂರಲ್ಲಿ ಕೂತು ಅವರಿಗೆ ಊರು ಹುಡುಕೋ ಸರ್ಚ್ ಮಾಡಿಕೊಡ್ತಿದ್ವಿ. ಊರಿನ ಹೆಸರು, ನಾಲ್ಕು ಸಾಲು ಪರಿಚಯ ರೊಮೇನಿಯನ್ ವಿಕಿಪೀಡಿಯದ ಡಂಪಿಂದ (ಎಲ್ಲಾ ಲೇಖನ ಒಟ್ಟಿಗೆ ಡೌನ್‌ಲೋಡಿಗೆ ಸಿಗೋ ಫೈಲ್), ಹೋಟೆಲ್ ಪಟ್ಟಿ ಅವರದೇ ಹಳೇ ಡೇಟಾಬೇಸಿಂದ, ಎರಡನ್ನೂ ಹೆಸರಿನ ಮೇಲೆ ಜಾಯಿನ್ ಮಾಡೋದು, ಅಂದ್ರೆ ಹೆಸರು ಒಂದೇ ಇದ್ರೆ ಜೋಡಿಸೋದು, ನನ್ನ ಕೆಲಸ.

ಕಾಲಲ್ಲಿ ಅವರ ಕಡೆ ಮೇಡಂ ಒಬ್ಬರು ಟೈಪ್ ಮಾಡ್ತಾ ಹೋದ್ರು. ಕ್ಲುಜ್ ಬಂತು, ಸಿಬಿಯು ಬಂತು, ಅರಾದ್ ಬಂತು. ಆಮೇಲೆ ಯಾಶ್, ಹೋಟೆಲ್ ಸೊನ್ನೆ. ಬ್ರಶೋವ್, ಸೊನ್ನೆ. ಕಾನ್‌ಸ್ಟಾಂತ್ಸಾ, ಸೊನ್ನೆ. ಕೊನೆಗೆ ರಾಜಧಾನಿ ಬುಕುರೆಶ್ಟಿಗೂ ಸೊನ್ನೆ. ನಾನು ಸ್ವಲ್ಪನೂ ಯೋಚನೆ ಮಾಡದೆ "ನಿಮ್ಮ ಡೇಟಾಬೇಸಲ್ಲಿ ಸ್ಪೆಲ್ಲಿಂಗ್ ತಪ್ಪಿರಬೇಕು, ಒಂದ್ಸಲ ನೋಡಿ" ಅಂದುಬಿಟ್ಟೆ. ತಮ್ಮ ದೇಶದ ರಾಜಧಾನಿ ಹೆಸರು ಬರೆಯೋಕೆ ಬರಲ್ವಾ ಅಂತ ಕೇಳಿದ ಹಾಗಾಯ್ತು ಅದು. ಕಾಲಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಸಮಾಧಾನವಾಗಿ, ಸ್ಪೆಲ್ಲಿಂಗ್ ಸರಿಯಾಗೇ ಇದೆ, ಅಕ್ಷರ ಬೇರೆ ಇರಬೇಕು, ಕೋಡ್‌ಪಾಯಿಂಟ್ (ಯೂನಿಕೋಡ್ ಅನ್ನೋ ಕಂಪ್ಯೂಟರ್ ಅಕ್ಷರಪಟ್ಟಿಲಿ ಆ ಅಕ್ಷರದ ನಂಬರ್) ನೋಡಿ ಅಂದ್ರು.

ನೋಡಿದೆ. ಡಂಪಲ್ಲಿ 'ಶ' ಸದ್ದಿನ ಅಕ್ಷರ 0219, ಅಂದ್ರೆ ಎಸ್ ಕೆಳಗೆ ಬಿಡಿಯಾಗಿ ನಿಂತ ಕಾಮಾ. ಅವರ ಡೇಟಾಬೇಸಲ್ಲಿ 015ಎಫ್, ಎಸ್‌ಗೆ ಅಂಟಿಕೊಂಡ ಬಾಲ, ಸೆಡಿಲ್ಲಾ. 'ತ್ಸ' ಸದ್ದಿನ ಟಿ ಕತೆನೂ ಇದೇ. ನನ್ನ ಸ್ಕ್ರೀನಲ್ಲಿ ಎರಡೂ ಒಂದೇ ಥರ ಕಾಣ್ತಿತ್ತು, ಜೂಮ್ ಮಾಡಿದಾಗಲೇ ಕಾಮಾ ಬೇರೆ, ಬಾಲ ಬೇರೆ ಅಂತ ಕಂಡಿದ್ದು.

ನನಗೆ ಅಷ್ಟು ಧೈರ್ಯ ಬಂದಿದ್ದು ಕನ್ನಡದಿಂದ. ಕನ್ನಡದಲ್ಲಿ 'ಕೊ' ಬರೆಯೋಕೆ ಒ ಸ್ವರಚಿಹ್ನೆ ಒಂದೇ ಕೋಡಾಗಿ ಬರಬಹುದು, ಇಲ್ಲಾ ಎ ಚಿಹ್ನೆ, ಊ ಚಿಹ್ನೆ ಎರಡಾಗಿ ಬರಬಹುದು, ಎನ್‌ಎಫ್‌ಸಿ ಅನ್ನೋ ನಾರ್ಮಲೈಸೇಶನ್ (ಒಂದೇ ಅಕ್ಷರದ ಬೇರೆ ಬೇರೆ ಕೋಡ್ ರೂಪಗಳನ್ನ ಒಂದು ಮಾಡೋ ಯೂನಿಕೋಡ್ ನಿಯಮ) ಹಾಕಿದ್ರೆ ಎರಡೂ ಒಂದಾಗುತ್ತೆ. ಹಿಂದಿನ ಪ್ರಾಜೆಕ್ಟಲ್ಲಿ ಅದೇ ನನ್ನ ಕೈ ಹಿಡಿದಿತ್ತು, ಹಾಗಾಗಿ ಇಲ್ಲೂ ಎನ್‌ಎಫ್‌ಸಿ ಹಾಕಿ ಮುಗೀತು ಅಂದ್ಕೊಂಡಿದ್ದೆ. ಆದ್ರೆ ಯೂನಿಕೋಡ್ ಲೆಕ್ಕದಲ್ಲಿ ಕಾಮಾ ಮತ್ತು ಬಾಲ ಎರಡು ಬೇರೆ ಬೇರೆ ಅಕ್ಷರಗಳೇ, ಯಾವ ನಾರ್ಮಲೈಸೇಶನ್ನೂ ಅವನ್ನ ಒಂದು ಮಾಡಲ್ಲ.

ಆ ರಾತ್ರಿ ಕೂತು ಓದಿದೆ. ರೊಮೇನಿಯನ್ನಿಗೆ ಸರಿಯಾದ ಕಾಮಾ ಅಕ್ಷರಗಳು ಯೂನಿಕೋಡಿಗೆ ಬಂದಿದ್ದೇ 1999ರಲ್ಲಿ, 3.0 ಆವೃತ್ತಿಲಿ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅದಕ್ಕೆ ಫಾಂಟೂ ಇಲ್ಲ, ಕೀಬೋರ್ಡೂ ಇಲ್ಲ, ಕಾಮಾ ಹಾಕಿದ್ರೆ ಓದೋರಿಗೆ ಬರೀ ಚೌಕ. 2003ರಲ್ಲಿ ಶುರುವಾದ ರೊಮೇನಿಯನ್ ವಿಕಿಪೀಡಿಯ (ನಮ್ಮ ಕನ್ನಡದ್ದೂ ಅದೇ ವರ್ಷದ್ದು) ಹಾಗಾಗಿ ಮೊದಲ ಕೆಲವು ವರ್ಷ ತಪ್ಪು ಅಂತ ಗೊತ್ತಿದ್ದೂ ಬಾಲದಲ್ಲೇ ಬರೀತು. ವಿಂಡೋಸ್ ವಿಸ್ಟಾ ಬಂದು, ಎಕ್ಸ್‌ಪಿಗೂ ಫಾಂಟ್ ಅಪ್ಡೇಟ್ ಸಿಕ್ಕಿ, 2010ರ ಸುಮಾರಿಗೆ ಬಾಟ್ (ತಾನಾಗೇ ತಿದ್ದೋ ಪ್ರೋಗ್ರಾಂ) ಓಡಿಸಿ ಲೇಖನಗಳನ್ನೆಲ್ಲಾ ಕಾಮಾಗೆ ತಂದ್ರು. ಅವರೆಲ್ಲಾ ಸಂಬಳ ಇಲ್ಲದೆ ತಮ್ಮ ಅಕ್ಷರಕ್ಕೋಸ್ಕರ ಮಾಡಿದ ಕೆಲಸ ಅದು. ನಾನು ಆ ಡಂಪನ್ನ ಒಂದು ಜಿಪ್ ಫೈಲ್ ಅಂತ ಮಾತ್ರ ನೋಡಿದ್ದೆ.

ಇಷ್ಟು ಓದಿದ ಮೇಲೂ ಮಾರನೇ ದಿನ ಇನ್ನೊಂದು ತಪ್ಪು ಮಾಡಿದೆ. ಮ್ಯಾನೇಜರ್ ಗಂಟೆಗೊಂದ್ಸಲ ಇಟಿಎ (ಎಷ್ಟೊತ್ತಿಗೆ ಮುಗಿಯುತ್ತೆ ಅಂತ) ಕೇಳ್ತಿದ್ರು, ಯುಎಟಿಗೆ, ಅಂದ್ರೆ ಕ್ಲೈಂಟ್ ಕಡೆಯವರೇ ಪರೀಕ್ಷೆ ಮಾಡೋದಕ್ಕೆ, ಒಂದೇ ದಿನ ಉಳಿದಿತ್ತು, ಟೆಸ್ಟಿಂಗಿಗೆ ಟೈಮ್ ಕೊಡಿ ಅಂದ್ರೆ "ಒಂದು ರಿಪ್ಲೇಸ್ ತಾನೇ" ಅಂದ್ರು. ನಾನೂ ಹೌದು ತಾನೇ ಅಂತ ಹೋಟೆಲ್ ಟೇಬಲಲ್ಲಿ ಬಾಲ ಇದ್ದ ಕಡೆಯೆಲ್ಲಾ ಕಾಮಾ ಮಾಡಿ ರೀಇಂಡೆಕ್ಸ್ (ಸರ್ಚ್ ಪಟ್ಟಿ ಮತ್ತೆ ಕಟ್ಟೋದು) ಕೊಟ್ಟೆ. ಯಾಶ್ ಬಂತು, ಬ್ರಶೋವ್ ಬಂತು. ಹತ್ತು ನಿಮಿಷಕ್ಕೆ ದೂರಿನ ಟಿಕೆಟ್ ಬಂತು: ನೆವ್‌ಶೆಹಿರ್ ಮಾಯ. ಟರ್ಕಿಲಿ ಕಪಾಡೋಕಿಯಾ ನೋಡೋಕೆ ಹೋಗೋರು ಇಳಿಯೋ ಊರು, ಅವರ ದೊಡ್ಡ ಪ್ಯಾಕೇಜ್. ಟರ್ಕಿಶಲ್ಲಿ ಬಾಲದ ಎಸ್ಸೇ ಸರಿ, ರೊಮೇನಿಯನ್ ವಿಕಿಪೀಡಿಯದಲ್ಲೂ ಟರ್ಕಿ ಊರುಗಳ ಹೆಸರು ಬಾಲದಲ್ಲೇ ಇದೆ. ನಿನ್ನೆವರೆಗೂ ಸರಿಯಾಗಿ ಬರ್ತಿದ್ದ ಊರುಗಳನ್ನ ನಾನೇ ಕೆಡಿಸಿದ್ದೆ, ಅದೂ ಬ್ಯಾಕಪ್ ತಗೊಳ್ದೆ ಟೇಬಲಿನ ಮೇಲೇ ಬರೆದು. ಹಿಂದಿನ ರಾತ್ರಿಯ ಸ್ನ್ಯಾಪ್‌ಶಾಟ್ (ಡೇಟಾಬೇಸಿನ ಆಗಿನ ಪ್ರತಿ) ಸಿಗೋ ತನಕ ನಲವತ್ತು ನಿಮಿಷ, ಕೈ ತಣ್ಣಗಾಗಿತ್ತು, ಪಕ್ಕದಲ್ಲಿ ಲೀಡ್ ಬಂದು ನಿಂತವರು ಒಂದು ಮಾತೂ ಆಡಲಿಲ್ಲ.

"ಅಕ್ಷರದ ಮೇಲೆ, ಕೆಳಗೆ ಇರೋ ಗುರುತೆಲ್ಲಾ ಕಿತ್ತು ಹಾಕಿದ್ರೆ ಆಯ್ತಲ್ಲ" ಅಂತ ಒಬ್ಬರು ಸಲಹೆ ಕೊಟ್ರು. ಡೇಟಾದಲ್ಲೇ ಕಿತ್ತರೆ ರೊಮೇನಿಯನ್ನಲ್ಲಿ ಕೆಟ್ಟದ್ದು ಅನ್ನೋ ಪದ, ನದಿ ಅನ್ನೋ ಪದ ಎರಡೂ 'ರೌ' ಆಗುತ್ತೆ, ಒಪ್ಪಲಿಲ್ಲ. ಕೊನೆಗೆ ಮಾಡಿದ್ದು ಇಷ್ಟೇ: ಡೇಟಾ ಮುಟ್ಟದೆ ಪಕ್ಕದಲ್ಲಿ ಬೇರೆ ಸರ್ಚ್ ಕೀ ಕಾಲಂ, ಕಾಮಾ, ಬಾಲ ಎರಡೂ ಅಲ್ಲಿ ಮಾತ್ರ ಒಂದಾಗುತ್ತೆ, ತೋರಿಸೋ ಹೆಸರು ಮೂಲದಲ್ಲಿ ಇದ್ದ ಹಾಗೇ.

ಆರ್‌ಸಿಎಲಿ (ತಪ್ಪಿಗೆ ಮೂಲ ಕಾರಣ ಏನು ಅನ್ನೋ ವರದಿ) "ಹೊರಗಿನ ಡೇಟಾದ ಗೊಂದಲ" ಅಂತ ಬರೀರಿ ಅಂತ ಮೇಲಿಂದ ಬಂತು. ಬರೀಲಿಲ್ಲ. ಗೊಂದಲ ಡಂಪಲ್ಲಿ ಇರಲಿಲ್ಲ. ನನ್ನ ಹೆಸರಲ್ಲೇ ಬರೆದೆ, ಅಪ್ರೈಸಲಲ್ಲಿ ಅದು ವಾಪಸ್ ಬಂತು, ಇರಲಿ.

ಮುಂದಿನ ಕಾಲಲ್ಲಿ ಆ ಮೇಡಮ್ಮಿಗೆ ಕ್ಷಮೆ ಕೇಳಿದೆ. ಅವರು ಏನೂ ಅನ್ನದೆ ಬುಕುರೆಶ್ಟ್ ಟೈಪ್ ಮಾಡಿದ್ರು, ಈ ಸಲ ಕಾಮಾನೂ ಇಲ್ಲ, ಬಾಲನೂ ಇಲ್ಲ, ಬರೀ ಎಸ್. ಫೋನಲ್ಲಿ ನಮ್ಮ ಜನ ಹೀಗೇ ಹೊಡೆಯೋದು ಅಂದ್ರು. ಸೊನ್ನೆ ಬಂತು. ಅವತ್ತು ಸಂಜೆ ಕೀ ಕಾಲಮ್ಮಿಗೆ ಇನ್ನೊಂದು ಸಾಲು ಸೇರಿಸಿದೆ, ಈ ಸಲ ಟೆಸ್ಟ್ ಫೈಲಲ್ಲಿ ಮೊದಲು ನೆವ್‌ಶೆಹಿರ್ ಬರೆದು.